ಒಡೆದದ್ದು ಮಾಡಿದವಳಿಗೆ

ಭಾನುವಾರ ಶಿಡ್ಲಘಟ್ಟದಲ್ಲಿ ಬೇಸಿನ್ನುಗಳು ತಣ್ಣಗಿರುತ್ತವೆ.
ಬೇಯಿಸಿದ ಹುಳದ ವಾಸನೆಗೆ ಮಾತ್ರ ರಜೆಯಿಲ್ಲ,
ನಮ್ಮ ಗಲ್ಲಿಯ ಬಾಯಲ್ಲಿ
ಸಾಲ ವಸೂಲಿಗೆ ಬಂದವನ ಹಾಗೆ ಕೂತಿರುತ್ತದೆ.

ಮಕ್ಬೂಲನ ಅಂಗಡಿಯಿಂದ ಅರ್ಧ ಕೇಜಿ ಕೈಮಾ.
ಮೆಶೀನಿಗೆ ಹಾಕಬೇಡ, ಕತ್ತೀಲೇ ಕೊಚ್ಚು ಅಂತ
ಅಮ್ಮಿ ಹೇಳಿಕಳಿಸಿದ್ದಳು.
ಹುಣಸೆ ಕೊರಡಿನ ಮೇಲೆ ಗೊಣಗುತ್ತ ಕೊಚ್ಚಿದ,
ನಿಮ್ಮಮ್ಮಿ ಒಬ್ಬಳಿಗಾಗಿ ನನ್ನ ತೋಳು ಸವೀತಿದೆ ಎಂದ,
ಒಂದು ಹಿಡಿ ಜಾಸ್ತಿಯೇ ಹಾಕಿದ.

ಅಮ್ಮಿ ಅದನ್ನು ತಟ್ಟೆಗೆ ಹರವಿ ಬೆರಳಾಡಿಸಿದಳು.
ಮೂವತ್ತೊಂದು ವರ್ಷ ಕುದಿನೀರಲ್ಲಿ
ಗೂಡಿನ ತುದಿ ಹುಡುಕಿದ ಬೆರಳು.
ಬಿಸಿ ಮರೆತಿದೆ, ಎಳೆ ಮರೆತಿಲ್ಲ.
ನನಗೆ ಕಾಣದ ಬಿಳಿ ನರವೊಂದನ್ನು
ಉಗುರ ತುದಿಯಲ್ಲಿ ಹಿಡಿದು, ಎಳೆದು, ಎಳೆದು,
ಬೆಕ್ಕಿಗೆ ಎಸೆದಳು.

ಹುರಿಗಡಲೆ ಪುಡಿ ಎರಡು ಹಿಡಿ. ಚಕ್ಕೆ, ಲವಂಗ.
ಏಲಕ್ಕಿ ಒಂದೇ ಒಂದು;
ಎರಡನೆಯದನ್ನು ಕೈಯಿಂದ ಕಿತ್ತುಕೊಂಡಳು,
'ಪಾಯಸ ಮಾಡ್ತಿದ್ದೀಯಾ?'
ಶುಂಠಿ ಬೆಳ್ಳುಳ್ಳಿ ಒರಳಲ್ಲಿ ಜಜ್ಜಿದ್ದು, ಪುದೀನ ನಾಲ್ಕು ದಂಟು,
ಹಸಿಮೆಣಸಿನಕಾಯಿಗೆ ನಮ್ಮನೇಲಿ ಲೆಕ್ಕವಿಲ್ಲ.
ಉಪ್ಪು? ಹಸಿ ಮಾಂಸ ನಾಲಗೆಗೆ ಮುಟ್ಟಿಸುವಂತಿಲ್ಲ.
ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ,
ಇನ್ನೊಂದು ಚಿಟಿಕೆ ಎಂದಳು.
ಉಪ್ಪಿಗೆಲ್ಲಿಯ ವಾಸನೆ ಅಂತ ಕೇಳಿದೆ.
ಕೇಳೋರಿಗೆ ಬರಲ್ಲ ಎಂದಳು.

ಈರುಳ್ಳಿ ಹಿಂಡಬೇಕಿತ್ತು.
ಹಿಂಡಲಿಲ್ಲ ನಾನು. ಆತುರ.
ಮೊದಲ ಬಿಲ್ಲೆ ಎಣ್ಣೆಗೆ ಇಳಿದದ್ದೇ ತಡ
ಚುರ್ರೆಂದು ಅಂಚು ಬಿಟ್ಟು, ನಡುವೆ ಸೀಳಿ,
ನೋಡನೋಡುತ್ತ ಕಾವಲಿಯ ತುಂಬ ಸಂತೆ.

ಬೈಗುಳಕ್ಕೆ ಸಿದ್ಧವಾಗಿ ನಿಂತೆ.
ಅಮ್ಮಿ ಬರಿಗೈಯಲ್ಲೇ ಚೂರುಗಳನ್ನು ಬಾಚಿ
ಚಿಂತಾಮಣಿ ರಸ್ತೆ ಬೇಕರಿಯ ಬನ್ನು ಸೀಳಿ, ತುಂಬಿ,
ನನ್ನ ಬಾಯಿಗಿಟ್ಟಳು.
'ಒಡೆದದ್ದು ಮಾಡಿದವಳಿಗೆ.
ನಮ್ಮತ್ತೆ ಮನೆ ಕಾನೂನು.
ಮದುವೆಯಾದ ವರ್ಷ ಎಷ್ಟು ಒಡೆದೆ ಗೊತ್ತಾ,
ಬೇಕಂತಲೇ. ಹಸಿವು ಹಾಗಿತ್ತು.'
ನಾನು ಅಗಿಯುವುದನ್ನು ನಿಲ್ಲಿಸಿದೆ.
ಅವಳು ನಗುತ್ತಿದ್ದಳು, ಇಲ್ಲವೇ
ಹೊಗೆಗೆ ಕಣ್ಣು ಕಿರಿದಾಗಿದ್ದವು.

ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದ್ದಾಯಿತು,
ಇನ್ನೊಂದು ಹಿಡಿ ಪುಡಿ, ಒಂದು ಮೊಟ್ಟೆ.
ಅವಳು ಆರು, ನಾನು ಆರು.
ಅಂಗೈಯಲ್ಲಿ ತಟ್ಟಿ, ನಡುವೆ ಹೆಬ್ಬೆರಳಿಂದ ಒಂದು ಗುಳಿ,
ಇಲ್ಲದಿದ್ದರೆ ಹೊಟ್ಟೆಯುಬ್ಬಿ ಒಳಗೆ ಹಸಿ ಉಳಿಯುತ್ತೆ.
ನನ್ನ ಗುಳಿಯಲ್ಲಿ ಗೆರೆಗಳು ಸುತ್ತು ಸುತ್ತು.
ಅವಳದು ನುಣ್ಣಗೆ, ತೊಳೆದಿಟ್ಟ ಬಟ್ಟಲು.

ಕಳೆದ ತಿಂಗಳು ರೇಷನ್ ಅಂಗಡಿಯಲ್ಲಿ ಆರು ಸಲ ಒತ್ತಿದಳು.
ಹೆಬ್ಬೆರಳು, ತೋರುಬೆರಳು, ಬಲಗೈ, ಎಡಗೈ.
ಸೆರಗಿಗೆ ಒರೆಸಿ ಮತ್ತೆ.
ಮೆಶೀನು ಪ್ರತಿ ಸಲವೂ ಕೆಂಪಾಯಿತು.
'ಅಜ್ಜಿ, ನಿಮಗೆ ಬೆರಳೇ ಇಲ್ವಲ್ಲ' ಎಂದ ಹುಡುಗ, ತಮಾಷೆಗೆ.
ಸಾಲು ನಕ್ಕಿತು. ಅವಳೂ ನಕ್ಕಳು.
ಅಕ್ಕಿ ಅಲ್ಲೇ ಉಳಿಯಿತು.

ಕಾವಲಿಯ ಮೇಲೆ ಗೆರೆಯೂ ಹೋಯಿತು, ನುಣುಪೂ ಹೋಯಿತು,
ಹನ್ನೆರಡೂ ಒಂದೇ ಕಂದು.
ಯಾವುದು ಯಾರದೆಂದು ನನಗೇ ತಿಳಿಯದು.
ಅಣ್ಣನ ಮಗ ತೌಹೀದ್ ನಿಂತೇ ಮೂರು ಮುಗಿಸಿ
ಪುದೀನ ಚಟ್ನಿ ಅಂಗಿಗೆ ಒರೆಸಿಕೊಂಡು ಓಡಿದ.

ಅಮ್ಮಿ ಎರಡನ್ನು ಡಬ್ಬಿಗೆ ಎತ್ತಿಟ್ಟಳು.
ಯಾರಿಗೆ?
'ರೇಷನ್ ಹುಡುಗನಿಗೆ. ತಿಂತಾನಾ ಇಲ್ವಾ,
ಮೊದಲು ಕೇಳು, ಆಮೇಲೆ ಕೊಡು.'

ಕೊನೆಯದನ್ನು ಮಗುಚುವಾಗ ಅಂಚು ಒಡೆಯಿತು.
ಒಡೆಯಿತೋ, ಒಡೆದಳೋ.
ನಾನು ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ.